ಎಸ್‌ಇಒ ಮಾಡಿಸಿದರೂ ವ್ಯಾಪಾರ ಏರಲಿಲ್ಲವೇ? ಎಲ್ಲಿ ಸೋರುತ್ತಿದೆ ಅಂತ ಹೀಗೆ ಹುಡುಕಿ

ಎಸ್‌ಇಒ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸ. ಅದರಿಂದಲೇ ನನ್ನ ಸಂಸಾರ ನಡೆಯುತ್ತಿದೆ. ಆದರೂ ಯಾರಾದರೂ "ದುಡ್ಡು ಸುರಿದೆ, ಏನೂ ಆಗಲಿಲ್ಲ" ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಯಾವುದು ಆಗಲಿಲ್ಲ ಅಂತ ಕೇಳುತ್ತೇನೆ. ಸೈಟ್ ಗೂಗಲ್‌ನಲ್ಲಿ ಕಾಣಲೇ ಇಲ್ಲವೋ? ಕಂಡರೂ ಯಾರೂ ಒತ್ತಲಿಲ್ಲವೋ? ಒತ್ತಿ ಬಂದವರು ಸುಮ್ನೆ ನೋಡಿ ಹೋದರೋ? ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ತೂಕದ ಮಷಿನ್ ಮಾರುವವರೊಬ್ಬರ ಸೈಟ್ ನನ್ನ ಕೈಲಿತ್ತು. "ಮಷಿನ್ ಸೊನ್ನೆಗೆ ಬರದಿದ್ದರೆ ಏನು ಮಾಡಬೇಕು" ಅಂತ ಒಂದು ಲೇಖನ ಹಾಕಿದೆ. ಅದು ಓಡಿತು ನೋಡಿ! ರಿಪೋರ್ಟ್‌ನಲ್ಲಿ ಕ್ಲಿಕ್‌ಗಳ ಗೆರೆ ತಿಂಗಳಿಂದ ತಿಂಗಳಿಗೆ ಮೇಲಕ್ಕೇ ಹೋಯಿತು. ಕಳಿಸುವಾಗ ನನಗೆ ಒಳಗೊಳಗೇ ಜಂಬ. ಅವರಿಂದ ಬಂದ ಉತ್ತರ ಒಂದೇ ಸಾಲು: "ಸರ್, ಮಷಿನ್ ಎಷ್ಟು ಹೋಯಿತು?"

ಒಂದೂ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಬಂದವರೆಲ್ಲ ಆಗಲೇ ಮಷಿನ್ ಇಟ್ಟುಕೊಂಡವರು. ಲೇಖನ ಓದಿದರು, ತಟ್ಟೆಯ ಕೆಳಗೆ ಸಿಕ್ಕಿಕೊಂಡಿದ್ದ ಕಸ ತೆಗೆದರು, ಹೋದರು. ನಾವು ಪುಕ್ಕಟೆ ರಿಪೇರಿ ಹೇಳಿಕೊಟ್ಟ ಹಾಗಾಯಿತು, ಅಷ್ಟೇ.

ಅಂದಿನಿಂದ ನಾನು ಮೊದಲು ಮಾಡುವ ಕೆಲಸ ಇದು. ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ, ಅಂದರೆ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣಿಸುತ್ತಿದೆ ಅಂತ ಗೂಗಲ್ ನಿಮಗೆ ತೋರಿಸುವ ಜಾಗ. ಅದಕ್ಕೆ ಕಾಸಿಲ್ಲ. ಏಜೆನ್ಸಿಯವರು ಕಳಿಸುವ ಪಿಡಿಎಫ್ ಸಾಲದು, ನಿಮ್ಮದೇ ಲಾಗಿನ್ ಇರಬೇಕು. ಪರ್ಫಾರ್ಮೆನ್ಸ್ ರಿಪೋರ್ಟ್‌ನಲ್ಲಿ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಕೆಳಗಡೆ ಕ್ವೆರಿಗಳ ಪಟ್ಟಿ ಇರುತ್ತದೆ, ಅಂದರೆ ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಸೈಟ್ ಕಾಣಿಸಿತು ಅನ್ನುವುದು. ನಿಮ್ಮ ಕಂಪನಿಯ ಹೆಸರಿರುವ ಕ್ವೆರಿಗಳನ್ನು ಫಿಲ್ಟರ್ ಹಾಕಿ ತೆಗೆದುಬಿಡಿ. ಹೆಸರು ಹಿಡಿದು ಹುಡುಕಿದವರಿಗೆ ನೀವು ಮೊದಲೇ ಗೊತ್ತು. ಎಷ್ಟೋ ರಿಪೋರ್ಟ್‌ಗಳ ಹೊಳಪು ಇಷ್ಟಕ್ಕೇ ಇಳಿದುಹೋಗುತ್ತದೆ.

ಉಳಿದ ಕ್ವೆರಿಗಳನ್ನು ಒಂದೊಂದಾಗಿ ಓದಿ. ಇದನ್ನು ಟೈಪ್ ಮಾಡಿದವರು ದುಡ್ಡು ಕೊಡಲು ಬಂದವರೇ ಅಂತ ಕೇಳಿಕೊಳ್ಳಿ. "ರೇಟ್ ಎಷ್ಟು", "ಯಾವುದು ಒಳ್ಳೆಯದು" ಅಂತ ಇದ್ದರೆ ಹೌದು. "ಅಂದರೆ ಏನು" ಅಂತಿದ್ದರೆ ಅವರಿಗೆ ನಾಳೆ ಪರೀಕ್ಷೆ ಇರಬಹುದು! ಅಂದ ಹಾಗೆ, ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಈ ಪಟ್ಟಿಯಲ್ಲಿ ತೋರಿಸುವುದಿಲ್ಲ. ಕೂಡಿದಾಗ ಮೊತ್ತ ತಾಳೆ ಆಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ.

ಇಂಪ್ರೆಶನ್ (ಹುಡುಕಾಟದಲ್ಲಿ ನಿಮ್ಮ ಸೈಟ್ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ) ಜಾಸ್ತಿ ಇದೆ, ಕ್ಲಿಕ್ ಇಲ್ಲ ಅಂತಾದರೆ ಆ ಪದವನ್ನು ನೀವೇ ಇನ್‌ಕಾಗ್ನಿಟೋ ವಿಂಡೋದಲ್ಲಿ ಹುಡುಕಿ ನೋಡಿ. ಮೇಲೆ ಜಾಹೀರಾತು, ಆಮೇಲೆ ಮ್ಯಾಪ್, ಅದರ ಜೊತೆಗೆ ಎಐ ಬರೆದ ಉತ್ತರ. 2024ರ ಮೇ ತಿಂಗಳಲ್ಲಿ ಅಮೆರಿಕದಿಂದ ಶುರುವಾದ ಎಐ ಓವರ್‌ವ್ಯೂ ಈಗ ಎಷ್ಟೋ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಟ್ಟುಬಿಡುತ್ತದೆ. ಮೂರನೇ ಸ್ಥಾನದಲ್ಲಿದ್ದರೂ ನಿಮ್ಮನ್ನು ನೋಡಲು ಬೆರಳಲ್ಲಿ ಎರಡು ಸಲ ತಳ್ಳಬೇಕು. ಇದಕ್ಕೆ ನಿಮ್ಮ ಎಸ್‌ಇಒ ಹುಡುಗನನ್ನು ಬೈದು ಪ್ರಯೋಜನವಿಲ್ಲ.

ಇಂಪ್ರೆಶನ್ನೇ ಇಲ್ಲವೇ? ಅದೇ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ನಿಮ್ಮ ಮುಖ್ಯ ಪೇಜ್‌ನ ವಿಳಾಸ ಹಾಕಿ, ಅದು ಗೂಗಲ್‌ನ ಪಟ್ಟಿಯಲ್ಲಿ ಇದೆಯೇ ಅಂತ ತಿಳಿಯುತ್ತದೆ. ಸೈಟ್ ಹೊಸದಾಗಿ ಕಟ್ಟುವಾಗ ಹಾಕಿದ್ದ ನೋಇಂಡೆಕ್ಸ್ (ಈ ಪೇಜ್ ತೋರಿಸಬೇಡಿ ಅಂತ ಗೂಗಲ್‌ಗೆ ಹೇಳುವ ಗುರುತು) ತೆಗೆಯಲು ಮರೆತಿರುತ್ತಾರೆ. ನಗಬೇಡಿ, ಇದು ಆಗುತ್ತಲೇ ಇರುತ್ತದೆ. ಅದೆಲ್ಲ ಸರಿ ಇದ್ದರೆ ಇನ್ನೊಂದು ಕಹಿ ಸಾಧ್ಯತೆ ಇದೆ: ನೀವು ಮಾರುವುದನ್ನು ಯಾರೂ ಹುಡುಕುತ್ತಲೇ ಇಲ್ಲ. ವಸ್ತು ಹೊಸದು, ಹಾಗೊಂದು ಇದೆ ಅಂತಲೇ ಜನಕ್ಕೆ ಗೊತ್ತಿಲ್ಲ. ಹುಡುಕುವವರ ಎದುರು ನಿಮ್ಮನ್ನು ನಿಲ್ಲಿಸುವುದಷ್ಟೇ ಎಸ್‌ಇಒ ಕೆಲಸ. ಹುಡುಕಬೇಕು ಅನ್ನುವ ಆಸೆ ಹುಟ್ಟಿಸುವುದು ಅದರ ಕೈಲಾಗದು. ಅಂಥ ಕಡೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ. ಮೊದಲು ಜಾಹೀರಾತು ಕೊಡಿ, ಎಕ್ಸಿಬಿಷನ್‌ಗೆ ಹೋಗಿ, ವರ್ಷ ಬಿಟ್ಟು ಬನ್ನಿ ಅನ್ನುತ್ತೇನೆ.

ಬಿಲ್ಲನ್ನೂ ಒಮ್ಮೆ ಓದಿ. "ಮೆಟಾ ಕೀವರ್ಡ್ಸ್" (ಪೇಜ್‌ನ ಕೋಡ್‌ನೊಳಗೆ ಬರೆದಿಡುವ ಪದಗಳ ಪಟ್ಟಿ) ಅಂತ ಒಂದು ಸಾಲಿದ್ದರೆ ದುಡ್ಡು ನೀರಿಗೆ ಹಾಕಿದಂತೆ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ನೂರಾರು ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್) ಕಟ್ಟಿಕೊಟ್ಟಿದ್ದೇವೆ ಅಂದರೆ ಹತ್ತನ್ನು ತೆರೆದು ತೋರಿಸಲು ಹೇಳಿ. ಕಸದ ಲಿಂಕ್‌ಗಳ ಮೇಲೆ ಗೂಗಲ್‌ನ 2012ರ ಪೆಂಗ್ವಿನ್ ಅಪ್‌ಡೇಟ್ ಬಿದ್ದಾಗ ಎಷ್ಟೋ ಸೈಟ್‌ಗಳು ರಾತ್ರೋರಾತ್ರಿ ಕೆಳಗೆ ಹೋದವು. ಮೊದಲ ಸ್ಥಾನ ಗ್ಯಾರಂಟಿ ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ಇನ್ನು ಮೂರನೇ ತಿಂಗಳಿಗೇ ಫಲ ಕೇಳುವುದೂ ತಪ್ಪು. ಸಾಮಾನ್ಯವಾಗಿ 4 ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲೇ ಹೇಳುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ತೂಕದ ಮಷಿನ್ ಸೈಟ್‌ಗೆ ಆಮೇಲೆ ರೇಟ್, ಮಾಡೆಲ್, ಎಷ್ಟು ತೂಕ ತಡೆಯುತ್ತದೆ ಅನ್ನುವ ಪೇಜ್‌ಗಳನ್ನು ಹಾಕಿದೆ. ಬರಬೇಕಾದ ಜನವೇ ಬಂದರು. ಆದರೂ ವಿಚಾರಿಸಿದವರು ಸೊನ್ನೆ. ಟೈಟಲ್ ಬದಲಿಸಿದೆ, ಫೋಟೋ ಬದಲಿಸಿದೆ, ಸ್ಪೀಡ್ ಜಾಸ್ತಿ ಮಾಡಿದೆ. ತಿಂಗಳುಗಟ್ಟಲೆ ಇದೇ ಆಯಿತು. ಕೊನೆಗೊಂದು ದಿನ ಬೇಸತ್ತು ಮೊಬೈಲ್‌ನಿಂದ ನಾನೇ ಎನ್‌ಕ್ವೈರಿ ಫಾರ್ಮ್ ತುಂಬಿ ಕಳಿಸಿದೆ. ಮೂರು ದಿನ ಕಾದೆ, ಉತ್ತರ ಇಲ್ಲ. ಫೋನ್ ಮಾಡಿ ಕೇಳಿದರೆ ಅವರಿಗೆ ಬಂದೇ ಇಲ್ಲ. ಫಾರ್ಮ್ ಹೋಗುತ್ತಿದ್ದದ್ದು ಯಾವತ್ತೋ ಕೆಲಸ ಬಿಟ್ಟವರ ಇಮೇಲ್‌ಗೆ.

ನೀವು ಇದನ್ನು ಮೊದಲ ದಿನವೇ ಮಾಡಿ. ಫಾರ್ಮ್ ತುಂಬಿ, ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಹಚ್ಚಿ, ಯಾರು ಎತ್ತುತ್ತಾರೆ ನೋಡಿ. ಪಾಸ್‌ವರ್ಡ್ ಬದಲಿಸಿ ಆ ಹಳೇ ಮೇಲ್‌ಬಾಕ್ಸ್ ತೆರೆದಾಗ ನಾನೂ ಮಷಿನ್ ಮಾರುವವರೂ ಪಕ್ಕಪಕ್ಕ ಕೂತಿದ್ದೆವು. ನನ್ನ ಪರೀಕ್ಷೆಯ ಮೇಲ್ ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗಿನದು ಹೀಗೆ ಶುರುವಾಗಿತ್ತು: "ಎರಡನೇ ಸಲ ಬರೆಯುತ್ತಿದ್ದೇನೆ, ನಮಗೆ ಆರು ಮಷಿನ್ ಬೇಕು."