ಬೆಲ್ವೆಡೇರ್ ಅರಮನೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ ಬಗೆ

ವಿಯೆನ್ನಾದ ಬೆಲ್ವೆಡೇರ್ ಅರಮನೆಗೆ ಹೋಗುವವರಲ್ಲಿ ಅನೇಕರು ಆಸ್ಟ್ರಿಯಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನ ‘ಚುಂಬನ’ ಚಿತ್ರವೊಂದಕ್ಕಾಗಿಯೇ ಹೋಗುತ್ತಾರೆ. ಬೆಲ್ವೆಡೇರ್ ಎಂದರೆ ಇಳಿಜಾರಿನ ತೋಟವೊಂದರ ಮೇಲೂ ಕೆಳಗೂ ನಿಂತ ಎರಡು ಅರಮನೆಗಳು. ಮುಖ್ಯ ರೈಲು ನಿಲ್ದಾಣದ ಕಡೆಯಿಂದ ಬಂದರೆ ಮೇಲಿನ ಅರಮನೆಯೇ ಮೊದಲು ಸಿಗುವುದರಿಂದ, ಒಳಹೊಕ್ಕು ಚಿತ್ರ ನೋಡಿಕೊಂಡು ಹೊರಟುಬಿಡುವುದೂ ಸುಲಭ. ಕಟ್ಟಡ, ತೋಟ, ಚಿತ್ರಸಂಗ್ರಹ ಮೂರನ್ನೂ ಒಟ್ಟಾಗಿ ಅರಿಯಬೇಕೆಂಬ ಆಸೆಯಿಂದ ನಾನು ರೆನ್‌ವೆಗ್ ರಸ್ತೆಯ ಕಡೆಯಿಂದ, ಅಂದರೆ ಕೆಳಗಿನ ಅರಮನೆಯ ಪಕ್ಕದಿಂದ, ಬೆಳಿಗ್ಗೆ ಬೇಗನೆ ತೋಟವನ್ನು ಪ್ರವೇಶಿಸಿದೆ. ತೋಟಕ್ಕೆ ಟಿಕೆಟ್ ಇಲ್ಲ. ಮೇಲಿನ ಅರಮನೆಗೆ ಮಾತ್ರ ಪ್ರವೇಶದ ಸಮಯ ನಮೂದಿಸಿದ ಟಿಕೆಟ್ ಬೇಕಾಗುತ್ತದೆ. ದಿನದ ಮೊದಲ ಸಮಯವನ್ನು ಮುಂಚಿತವಾಗಿಯೇ ಕಾದಿರಿಸಿಕೊಂಡಿದ್ದೆ.

ಈ ಅರಮನೆಯನ್ನು ಕಟ್ಟಿಸಿದವನು ಸವಾಯ್ ವಂಶದ ರಾಜಕುಮಾರ ಯೂಜೀನ್. ಪ್ಯಾರಿಸ್‌ನಲ್ಲಿ ಹುಟ್ಟಿ ಬೆಳೆದ ಅವನಿಗೆ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಸೈನ್ಯದಲ್ಲಿ ಸ್ಥಾನ ಕೊಡಲು ಒಪ್ಪದ ಕಾರಣ ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ಸೇವೆಗೆ ಸೇರಿ, ತುರ್ಕರ ವಿರುದ್ಧದ ಯುದ್ಧಗಳಲ್ಲಿ ಗೆದ್ದು, ಯುರೋಪಿನ ದೊಡ್ಡ ಸೇನಾಪತಿಗಳಲ್ಲಿ ಒಬ್ಬನೆನಿಸಿದ. ವಾಸ್ತುಶಿಲ್ಪಿ ಯೋಹಾನ್ ಲೂಕಾಸ್ ಫಾನ್ ಹಿಲ್ಡೆಬ್ರಾಂಟ್ ಅವನಿಗಾಗಿ ಕೆಳಗಿನ ಅರಮನೆಯನ್ನು 1716ರಲ್ಲಿಯೂ ಮೇಲಿನದನ್ನು 1723ರಲ್ಲಿಯೂ ಮುಗಿಸಿದ. ವಾಸಕ್ಕೆ ಕೆಳಗಿನದು, ವೈಭವದ ಪ್ರದರ್ಶನಕ್ಕೆ ಮೇಲಿನದು.

ಇವೆರಡರ ನಡುವಿನ ಇಳಿಜಾರನ್ನು ತೋಟವಾಗಿಸಿದವನು ವೆರ್ಸೈಲ್ಸ್‌ನಲ್ಲಿ ಕೆಲಸ ಮಾಡಿದ್ದ ಡೊಮಿನಿಕ್ ಗಿರಾರ್. ಕತ್ತರಿಸಿ ಒಪ್ಪ ಮಾಡಿದ ಬೇಲಿಗಿಡಗಳು, ಹಂತಹಂತವಾಗಿ ನೀರು ಧುಮುಕುವ ಕಾರಂಜಿಗಳು, ಹೆಣ್ಣಿನ ಮೊಗವೂ ಸಿಂಹದ ಮೈಯೂ ಇರುವ ಸ್ಫಿಂಕ್ಸ್ ಶಿಲ್ಪಗಳು ಒಂದೊಂದಾಗಿ ಎದುರಾಗುತ್ತವೆ. ಮೇಲೇರಿದಂತೆ ಪಂಚಭೂತಗಳ ಲೋಕದಿಂದ ದೇವತೆಗಳ ಲೋಕಕ್ಕೆ ಏರುವ ಕಲ್ಪನೆ ಈ ತೋಟದ ವಿನ್ಯಾಸದಲ್ಲಿದೆ. ಗ್ರೀಕರ ಲೆಕ್ಕದಲ್ಲಿ ಭೂತಗಳು ನಾಲ್ಕೇ ಎಂಬುದನ್ನು ಮಾತ್ರ ನಾವು ನೆನಪಿಡಬೇಕು. ಏರುವಾಗ ಆಗಾಗ ನಿಂತು ಹಿಂದಿರುಗಿ ನೋಡುವುದು ಅಗತ್ಯ, ಏಕೆಂದರೆ ಪ್ರತಿ ಹಂತದಲ್ಲಿಯೂ ಕೆಳಗಿನ ಅರಮನೆ ತಗ್ಗಿ, ಅದರಾಚೆ ನಗರವೂ ಸಂತ ಸ್ಟೀಫನ್ ಚರ್ಚಿನ ಗೋಪುರವೂ ಮೇಲೆದ್ದು ಬರುತ್ತವೆ. ಮೇಲಿನಿಂದ ಕೆಳಗಿಳಿಯುವವರಿಗೆ ಈ ನೋಟ ಮೊದಲೇ ಸಿಕ್ಕಿಬಿಡುತ್ತದೆ.

ಮೇಲಿನ ಅರಮನೆಯೊಳಗೆ ನಾನು ಮೊದಲು ನಿಂತದ್ದು ನೆಲಮಟ್ಟದ ‘ಸಾಲಾ ತೆರೆನಾ’ ಎಂಬ ಹಜಾರದಲ್ಲಿ. ಇಲ್ಲಿ ನಾಲ್ಕು ದೈತ್ಯಾಕೃತಿಗಳು ಕಮಾನಿನ ಛಾವಣಿಯನ್ನು ಹೆಗಲ ಮೇಲೆ ಹೊತ್ತಿವೆ. ಕತ್ತಿನ ನರ ಬಿಗಿದು, ಸೊಂಟ ತಿರುಚಿ, ಭಾರಕ್ಕೆ ಬಾಗಿರುವ ಆ ಮೈಗಳು ಬರಿಯ ಅಲಂಕಾರವಲ್ಲ. ಮೂಲ ಛಾವಣಿ ಕುಸಿಯುವ ಸ್ಥಿತಿಗೆ ಬಂದಾಗ 1732–33ರ ಚಳಿಗಾಲದಲ್ಲಿ ಹಿಲ್ಡೆಬ್ರಾಂಟ್ ಈ ಆಧಾರಗಳನ್ನು ಸೇರಿಸಬೇಕಾಯಿತು. ಆಸರೆಯ ಕಂಬವೂ ಶಿಲ್ಪವಾಗಿ ನಿಲ್ಲಬೇಕೆಂಬ ಹಟ ಆ ಕಾಲದ ಆಡಂಬರದ ಬರೋಕ್ ಶೈಲಿಯ ಜೀವಾಳವೆಂದೇ ನನ್ನ ಭಾವನೆ, ಮತ್ತು ಅದು ಇಷ್ಟು ಸ್ಪಷ್ಟವಾಗಿ ಕಾಣುವ ಸ್ಥಳ ಈ ಅರಮನೆಯಲ್ಲಿ ಇನ್ನೊಂದಿಲ್ಲ. ಮೇಲಿನ ಕೆಂಪು-ಕಂದು ಬಣ್ಣದ ಅಮೃತಶಿಲಾ ಸಭಾಂಗಣದಲ್ಲಿ 1955ರ ಮೇ 15ರಂದು ಆಸ್ಟ್ರಿಯಾಕ್ಕೆ ಪೂರ್ಣ ಸ್ವಾತಂತ್ರ್ಯವನ್ನು ಮರಳಿ ಕೊಟ್ಟ ಒಪ್ಪಂದಕ್ಕೆ ಸಹಿ ಬಿದ್ದಿತು.

‘ಚುಂಬನ’ದ ಮುಂದೆ ಜನ ಬೇಗ ಸೇರುತ್ತಾರೆ, ಮೊದಲ ಸಮಯದ ಟಿಕೆಟ್ ಇದ್ದುದರಿಂದ ನನಗೆ ಸಾವಕಾಶ ದೊರೆಯಿತು. 180 ಸೆಂಟಿಮೀಟರ್ ಉದ್ದಗಲದ ಈ ಚೌಕ ಚಿತ್ರವನ್ನು ನೇರವಾಗಿ ನೋಡಿದ ಮೇಲೆ ಬದಿಗೆ ಸರಿದು ಓರೆಯಾಗಿಯೂ ನೋಡಬೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕನ್ನು ಕಂಡ ಕಣ್ಣಿಗೆ, ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಚಿನ್ನ ಹೊಳೆದು ಮಂಕಾಗುವ ಈ ಬಗೆ ಪರಿಚಿತವೇ. ಗಂಡಿನ ಉಡುಪಿನಲ್ಲಿ ಕಪ್ಪು-ಬಿಳುಪಿನ ಆಯತಗಳು, ಹೆಣ್ಣಿನ ಉಡುಪಿನಲ್ಲಿ ಬಣ್ಣದ ವೃತ್ತಗಳು. ಕೆಳಗೆ ಹೂವಿನ ನೆಲ ಮುಗಿಯುವ ಅಂಚಿನಲ್ಲಿ ಅವಳ ಕಾಲ್ಬೆರಳುಗಳು ಮಡಚಿಕೊಂಡಿವೆ. ಪುಸ್ತಕದ ಪುಟದಲ್ಲಿ ನನ್ನ ಗಮನಕ್ಕೆ ಬಾರದ ಈ ಬೆರಳುಗಳಿಂದಾಗಿ ಇಡೀ ಚಿತ್ರದಲ್ಲಿ ಒಂದು ಆತಂಕ ತುಂಬಿದೆ.

ಇಲ್ಲದ ಚಿತ್ರವನ್ನೂ ಇಲ್ಲಿ ನೆನೆಯಬೇಕು. ನಾತ್ಸಿಗಳು ಯಹೂದಿ ಕುಟುಂಬವೊಂದರಿಂದ ಕಸಿದ, ಆಮೇಲೆ ಈ ಅರಮನೆಯ ಸಂಗ್ರಹದಲ್ಲಿದ್ದ ಕ್ಲಿಮ್ಟ್‌ನ ಐದು ಚಿತ್ರಗಳು ದೀರ್ಘ ಕಾನೂನು ಹೋರಾಟದ ನಂತರ 2006ರಲ್ಲಿ ವಾರಸುದಾರರಿಗೆ ಮರಳಿದವು. ಅವುಗಳಲ್ಲಿ ಒಂದಾದ ಆ ಕುಟುಂಬದ ಅಡೆಲೆ ಬ್ಲಾಖ್-ಬವರ್ ಅವರ ಚಿನ್ನದ ಭಾವಚಿತ್ರ ಈಗ ನ್ಯೂಯಾರ್ಕ್‌ನಲ್ಲಿದೆ. ಅದು ಹೋದದ್ದು ನ್ಯಾಯವೇ ಸರಿ.

ಕ್ಲಿಮ್ಟ್‌ನ ಕಿರಿಯ ಸಮಕಾಲೀನ ಎಗಾನ್ ಶೀಲೆಯ ಚಿತ್ರಗಳಿಗೂ, ಹದಿನೆಂಟನೇ ಶತಮಾನದ ಶಿಲ್ಪಿ ಮೆಸ್ಸರ್‌ಶ್ಮಿಟ್‌ನ ಮುಖ ಕಿವುಚಿದ, ಹಲ್ಲು ಕಚ್ಚಿದ ತಲೆಗಳ ಶಿಲ್ಪಗಳಿಗೂ ಸಾಕಷ್ಟು ಸಮಯ ಉಳಿಸಿಕೊಳ್ಳಿ. ಕೆಳಗಿನ ಅರಮನೆಯನ್ನು ನಾನು ಮಧ್ಯಾಹ್ನಕ್ಕೆ ಇರಿಸಿಕೊಂಡಿದ್ದೆ. ಅಲ್ಲಿ ನೋಡಲೇಬೇಕಾದದ್ದು ಕನ್ನಡಿಗಳೂ ಚಿನ್ನದ ಕೆತ್ತನೆಯೂ ತುಂಬಿದ ಸಣ್ಣ ಕೋಣೆ. ಉಳಿದ ಭಾಗ ತಾತ್ಕಾಲಿಕ ಪ್ರದರ್ಶನಗಳಿಗೆ ಮೀಸಲಾಗಿರುವುದರಿಂದ, ಆಗ ಏನು ನಡೆಯುತ್ತಿದೆಯೆಂದು ತಿಳಿದುಕೊಂಡು ಎರಡೂ ಅರಮನೆಗಳ ಟಿಕೆಟ್ ಕೊಳ್ಳಬೇಕೇ ಎಂಬುದನ್ನು ನಿರ್ಧರಿಸುವುದು ಒಳ್ಳೆಯದು.