ಅರವತ್ತಾದ ಮೇಲೆ ಬ್ಯಾಂಡ್ ಕಟ್ಟೋರಿಗೆ

ಮಂಡ್ಯದಲ್ಲಿ ಮದುವೆ, ಗಣಪತಿ ಮೆರವಣಿಗೆ ಅಂತ 30 ವರ್ಷ ಕ್ಲಾರಿನೆಟ್ ಊದಿ ಬಿಟ್ಟವನು ನಾನು. ಈಗ ಮತ್ತೆ ತಂಡ ಕಟ್ಟೋ ಚಪಲ. ನಿಮಗೂ ಇದ್ದರೆ ಮೊದಲು ಪೆಟ್ಟಿಗೆ ತೆಗೆದು ನೋಡಿ. ತೂತು ಮುಚ್ಚೋ ಮೆತ್ತನೆ ಪ್ಯಾಡ್ ಒಣಗಿದ್ದರೆ ಗಾಳಿ ಸೋರುತ್ತೆ, ಬದಲಾಯಿಸಿ. ತುಂಡುಗಳು ಕೂಡೋ ಕಡೆಯ ಕಾರ್ಕಿಗೆ ಗ್ರೀಸ್ ಸವರಿ, ಊದುವಾಗ ಅದುರೋ ತೆಳು ಪಟ್ಟಿ, ಅದೇ ರೀಡ್, ಹಳೇದಾಗಿದ್ದರೆ ಎಸೆಯಿರಿ. ತುಟಿ ಹಿಡಿತಕ್ಕೆ ಬರೋವರೆಗೂ ದಿನಾ 15 ನಿಮಿಷ ಬರೀ ಉದ್ದ ಸ್ವರ.

ಆಮೇಲೆ ಜನ. ಕೀಬೋರ್ಡ್, ಢೋಲಕ್, ರಿದಂ ಪ್ಯಾಡ್ ಸಾಕು. ಕೀಬೋರ್ಡ್ ಹುಡುಗನಿಗೆ ಮೊದಲೇ ಹೇಳಿ: ನಮ್ಮ ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ನಾವು ಸಿ ಅಂತ ಊದೋ ಸ್ವರ ಅವನ ಕೀಬೋರ್ಡಲ್ಲಿ ಬಿ ಫ್ಲ್ಯಾಟ್. ಹೇಳದೆ ಮಳವಳ್ಳಿ ಆರತಕ್ಷತೆಯೊಂದರಲ್ಲಿ ನನ್ನ ಮಾನ ಹೋಗಿತ್ತು. ಮದುಮಗನೇ ತಿರುಗಿ ನೋಡಿದ!

ಟೆಂಪೋ ಬಾಡಿಗೆ ಕಳೆದು ಉಳಿದಿದ್ದು ಸಮಪಾಲು. ಆಷಾಢದಲ್ಲಿ ಮದುವೆ ಇರಲ್ಲ, ಅಭ್ಯಾಸ ಆಗಲೇ ಶುರು ಮಾಡಿ, ಗಣಪತಿ ಹಬ್ಬಕ್ಕೆ ತಂಡ ರೆಡಿ.