ಗೋರಿಕಾಯಿ ಬೀಜದ ಅಂಟಿಗೆ ಎನ್‌ಜೈಮ್ ಕೊಟ್ಟು ಕಾಗದ ಗಟ್ಟಿ ಮಾಡೋಣ

ಪೇಪರ್ ಲ್ಯಾಬ್‌ಗೆ ಬರುವ ಹೊಸ ಹುಡುಗರಿಗೆ ನಾನು ಮೊದಲು ಕೊಡುವ ಕೆಲಸ ಇದು. ಗೋರಿಕಾಯಿ ಬೀಜದಿಂದ ಬರುವ ಗೌರ್ ಗಮ್ಮನ್ನು ಪಲ್ಪ್‌ಗೆ, ಅಂದರೆ ನೀರಲ್ಲಿ ಕಲಸಿದ ಕಾಗದದ ನಾರಿಗೆ, ಸುಮ್ನೆ ಸೇರಿಸಿದರೂ ಒಣ ಹಾಳೆ ಗಟ್ಟಿಯಾಗುತ್ತದೆ. ಆದರೆ ನೀರು ಬಿದ್ದರೆ ಕೈಕೊಡುತ್ತದೆ. ಎನ್‌ಜೈಮ್ (ಕಿಣ್ವ) ಬೇಕಾಗುವುದು ಅಲ್ಲೇ.

ಗೌರ್ ಅಂದರೆ ಮ್ಯಾನೋಸ್ ಎಂಬ ಸಕ್ಕರೆಯ ಉದ್ದ ಸರಪಳಿ, ಅದರಲ್ಲಿ ಸುಮಾರು ಎರಡಕ್ಕೊಂದರಂತೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ ನೇತಾಡುತ್ತಿರುತ್ತದೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಎನ್‌ಜೈಮ್ ಈ ಗ್ಯಾಲಕ್ಟೋಸ್‌ನ 6ನೇ ಕಾರ್ಬನ್ನನ್ನು ಆಲ್ಡಿಹೈಡ್ ಎಂಬ ಚುರುಕು ಗುಂಪಾಗಿ ಮಾಡುತ್ತದೆ. ಹಾಳೆ ಒಣಗುವಾಗ ಆ ಆಲ್ಡಿಹೈಡ್ ನಾರಿನ ಸೆಲ್ಯುಲೋಸ್‌ಗೆ ಬೆಸೆದುಕೊಳ್ಳುತ್ತದೆ.

ಒಂದು ಲೀಟರ್ ಪಿಎಚ್ 7ರ ಫಾಸ್ಫೇಟ್ ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) 3 ಗ್ರಾಂ ಗೌರ್ ಸಾಕು. ಜೋರಾಗಿ ತಿರುಗಿಸುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ರಾಗಿ ಮುದ್ದೆಯ ಹಾಗೆ ಗಂಟು ಕಟ್ಟುತ್ತದೆ, ಒಳಗಿನ ಪುಡಿಗೆ ನೀರೇ ತಾಗುವುದಿಲ್ಲ. ಗಂಟಿದ್ದರೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಕ್ಯಾಟಲೇಸ್, ಪೆರಾಕ್ಸಿಡೇಸ್, ಕೊನೆಗೆ ಗ್ಯಾಲಕ್ಟೋಸ್ ಆಕ್ಸಿಡೇಸ್, ಹೀಗೆ ಮೂರು ಎನ್‌ಜೈಮ್ ಹಾಕಿ. ಕ್ಯಾಟಲೇಸ್‌ನಲ್ಲಿ ಜಿಪುಣತನ ಬೇಡ. ಈ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಗ್ಯಾಲಕ್ಟೋಸ್ ಆಕ್ಸಿಡೇಸನ್ನೇ ಹಾಳು ಮಾಡುತ್ತದೆ. ಕ್ಯಾಟಲೇಸ್ ಅದನ್ನು ಒಡೆದು ಆಕ್ಸಿಜನ್ ವಾಪಸ್ ಕೊಡುತ್ತದೆ, ಅದೂ ಕ್ರಿಯೆಗೆ ಬೇಕಾದದ್ದೇ. ಪೆರಾಕ್ಸಿಡೇಸ್ ಆಕ್ಸಿಡೇಸನ್ನು ಚುರುಕಾಗಿ ಇಡುತ್ತದೆ. ಕೋಣೆಯ ಉಷ್ಣತೆಯಲ್ಲಿ, ಬೀಕರ್ ಬಾಯಿ ಬಿಗಿಯದೆ, ರಾತ್ರಿಯಿಡೀ ತಿರುಗಲಿ.

ಬೆಳಗ್ಗೆ ನೋಡಿದರೆ ದ್ರಾವಣ ಜೆಲ್ ಆಗಿರಬಹುದು. ಗಾಬರಿ ಬೇಡ, ಸರಪಳಿಗಳು ಪರಸ್ಪರ ಹಿಡಿದುಕೊಂಡಿವೆ ಅಷ್ಟೇ. ನೀರು ಸೇರಿಸಿ 0.1 ಶೇಕಡಾಕ್ಕೆ ಇಳಿಸಿ, ಮಿಕ್ಸರ್‌ನಲ್ಲಿ ತಿರುಗಿಸಿ.

10 ಗ್ರಾಂ ಒಣ ತೂಕದ ಪಲ್ಪ್‌ಗೆ ಇದರ 100 ಮಿ.ಲೀ. ಹಾಕಿದರೆ ಗೌರ್ 1 ಶೇಕಡಾ ಆಗುತ್ತದೆ. ಚೆನ್ನಾಗಿ ಕಲಕಿ, ಚದರ ಮೀಟರ್‌ಗೆ 60 ಗ್ರಾಂ ಲೆಕ್ಕದಲ್ಲಿ ಹ್ಯಾಂಡ್‌ಶೀಟ್ (ಪರೀಕ್ಷೆಗೆಂದು ಲ್ಯಾಬ್‌ನಲ್ಲಿ ಮಾಡುವ ಹಾಳೆ) ಮಾಡಿ, ಒತ್ತಿ, ಒಣಗಿಸಿ. 23 ಡಿಗ್ರಿ, 50 ಶೇಕಡಾ ತೇವದ ಕೋಣೆಯಲ್ಲಿ ಹದಕ್ಕೆ ತಂದ ಮೇಲೆಯೇ ಎಳೆದು ಬಲ ಅಳೆಯಿರಿ.

ಮೂರು ಬಗೆಯ ಹಾಳೆ ಬೇಕೇ ಬೇಕು: ಏನೂ ಹಾಕದ್ದು, ಬರೀ ಗೌರ್ ಹಾಕಿದ್ದು, ಎನ್‌ಜೈಮ್ ಗೌರ್ ಹಾಕಿದ್ದು. ನಡುವಿನದನ್ನು ಬಿಟ್ಟರೆ ಗೌರ್ ಮಾಡಿದ ಕೆಲಸಕ್ಕೆ ಎನ್‌ಜೈಮ್‌ಗೆ ಶಾಭಾಸ್ ಹೇಳಿದ ಹಾಗಾಗುತ್ತದೆ, ಅಲ್ವಾ? ಒಣಗಿದಾಗಿನ ಬಲ ಮಾತ್ರ ಅಳೆದು ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಹಾಳೆಯಿಂದ ಕತ್ತರಿಸಿದ ಪಟ್ಟಿಗಳನ್ನು ನೀರಲ್ಲಿ ನೆನೆಸಿ, ತಕ್ಷಣ ಒಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ ಎಳೆಯಿರಿ. ಈ ಬೆಸುಗೆ ನೀರಲ್ಲಿ ಮೆಲ್ಲಗೆ ಬಿಡುತ್ತದೆ, ಹಾಗಾಗಿ ಎರಡನೇ ಅಂಕಿ ಕಡಿಮೆಯೇ ಬರಬೇಕು. ಟಿಶ್ಯೂ ಕಾಗದಕ್ಕೆ ಬೇಕಾದದ್ದೂ ಅದೇ.

ಹುಣಸೆ ಬೀಜದ ಅಂಟಾದ ಕ್ಸೈಲೋಗ್ಲೂಕಾನ್‌ನಲ್ಲೂ ಗ್ಯಾಲಕ್ಟೋಸ್ ಇದೆ, ಇದೇ ವಿಧಾನ ನಡೆಯುತ್ತದೆ. ಅದು ಪೂರ್ತಿ ಕರಗಬೇಕಾದರೆ ಮೊದಲು ಬಿಸಿ ಮಾಡಿ. ಆರಿದ ಮೇಲೆಯೇ ಎನ್‌ಜೈಮ್ ಹಾಕಿ.